ಕತ್ತರಿಸಿ ನೋಡಿದ ಗೋಣಿ ಇದೇನಾ?

ನಮ್ಮ ಅಜ್ಜನ ಹೆಸರಿನಲ್ಲಿ ಒಂದು ‘ತ’ ಇತ್ತು. ಈಗ ಅದು ‘ಟ’ ಆಗಿದೆ. ಅಜ್ಜ ತೀರಿಹೋಗಿ ಹನ್ನೊಂದು ವರ್ಷವಾಯಿತು, ಅವರಿಗೆ ಇದರಿಂದ ಏನೂ ತೊಂದರೆಯಿಲ್ಲ. ತೊಂದರೆ ಆದದ್ದು ಅಪ್ಪನಿಗೆ.

ನಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಆಡುವುದು ಹವ್ಯಕ ಕನ್ನಡ. ತೋಟದ ಕೆಲಸಕ್ಕೆ ಬರುವವರ ಹತ್ತಿರ ತುಳು. ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ. ನನ್ನ ಮೀಟಿಂಗ್‌ಗಳಲ್ಲಿ ಇಂಗ್ಲಿಷು. 1956ರ ನವೆಂಬರ್ 1ರಂದು ಕೇರಳ ರಾಜ್ಯ ಆಗುವ ತನಕ ಈ ಊರು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹಾಗಾಗಿ ಅಜ್ಜನ ಜಾಗದ ಹಳೆಯ ಕಾಗದಗಳು ಕನ್ನಡದಲ್ಲಿವೆ. ಆಮೇಲಿನವು ಮಲಯಾಳದಲ್ಲಿ. ಎಲ್ಲವೂ ಕಂಪ್ಯೂಟರ್ ಸೇರುವಾಗ ನಡುವೆ ಇಂಗ್ಲಿಷಿನಲ್ಲಿ ಒಂದು ಸುತ್ತು.

ಆ ಸುತ್ತಿನಲ್ಲೇ ‘ತ’ ಕೆಟ್ಟದ್ದು. ನಾವು ತಿಮ್ಮಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಸುಮ್ನೆ ಒಂದು ‘ಟಿ’ ಹಾಕಿ ಮುಂದೆ ಹೋಗುತ್ತೇವೆ. ಮಲಯಾಳದವರ ರೂಢಿ ಬೇರೆ. ಅವರಿಗೆ ‘ತ’ ಆಗಬೇಕಾದರೆ ‘ಟಿ’ ಪಕ್ಕದಲ್ಲಿ ‘ಎಚ್’ ಇರಬೇಕು. ಬರೀ ‘ಟಿ’ ಕಂಡರೆ ‘ಟ’ ಎಂದೇ ಓದುತ್ತಾರೆ. ಇಂಗ್ಲಿಷ್ ಪಟ್ಟಿ ನೋಡಿ ಮಲಯಾಳದಲ್ಲಿ ಬರೆಯುವಾಗ ತಿಮ್ಮಪ್ಪ ಟಿಮ್ಮಪ್ಪ ಆಗಿಬಿಡುತ್ತಾನೆ. ಅಜ್ಜನ ಹೆಸರು ತಿಮ್ಮಪ್ಪ ಅಲ್ಲ, ಆದರೆ ಆದದ್ದು ಇದೇ. ಯಾವುದೋ ಒಂದು ಕಚೇರಿಯಲ್ಲಿ ಯಾರೋ ಒಬ್ಬರು ತಮಗೆ ಕಂಡದ್ದನ್ನು ಸರಿಯಾಗಿಯೇ ಬರೆದಿದ್ದಾರೆ. ಅವರಿಗಿಂತ ಮುಂಚಿನವರೂ ಸರಿಯಾಗಿಯೇ ಬರೆದಿದ್ದರು. ಇಬ್ಬರೂ ಸರಿ, ಹೆಸರು ಮಾತ್ರ ಬೇರೆ.

ಅಪ್ಪನಿಗೆ ಜಾಗವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಇಲ್ಲಿ ಅದಕ್ಕೆ ಪೋಕ್ಕುವರವು ಎನ್ನುತ್ತಾರೆ. ಹೋಗುವುದು, ಬರುವುದು ಎಂದು ಅರ್ಥ. ಜನ ಕಚೇರಿಗೆ ಹೋಗಿ ಬರುವುದನ್ನು ನೋಡಿಯೇ ಹೆಸರಿಟ್ಟರೋ ಏನೋ. ಕಳೆದ ಮಳೆಗಾಲ ಪೂರ್ತಿ ಅಪ್ಪ ಹೋದರು, ಬಂದರು. ತೀರ್ವೆ ಕಟ್ಟಿದ ರಶೀದಿಯಲ್ಲಿ ಒಂದು ಹೆಸರು, ಮೂಲ ಕಾಗದದಲ್ಲಿ ಇನ್ನೊಂದು. ಇವರಿಬ್ಬರೂ ಒಬ್ಬರೇ ಎಂದು ಹೇಳುವವರು ಯಾರು?

ಅದೇ ಹೊತ್ತಿಗೆ ನನಗೆ ನನ್ನದೇ ಒಂದು ಗ್ರಹಚಾರ ಗಂಟುಬಿತ್ತು.

ನಾನು ಮನೆಯಿಂದಲೇ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ಹೋಲ್‌ಸೇಲ್ ಅಂಗಡಿಗಳಿಗೆ ಬಿಲ್ ಮಾಡುವ ಸಾಫ್ಟ್‌ವೇರ್ ನಮ್ಮದು. ಕೋಡ್ ಬರೆದು, ಅದರ ಪ್ರತಿ ಬದಲಾವಣೆಯ ಲೆಕ್ಕ ಇಡುವ ಗಿಟ್‌ಗೆ ಹಾಕಿದರೆ ಮುಂದಿನದ್ದೆಲ್ಲ ಪೈಪ್‌ಲೈನ್ ಎಂಬ ತಾನಾಗಿ ಓಡುವ ವ್ಯವಸ್ಥೆ ನೋಡಿಕೊಳ್ಳುತ್ತದೆ. ಮೊದಲು ಬಿಲ್ಡ್, ಅಂದರೆ ಕೋಡನ್ನು ಓಡುವ ರೂಪಕ್ಕೆ ಕಟ್ಟುವುದು, ಆಮೇಲೆ ಟೆಸ್ಟ್, ಆಮೇಲೆ ನಾವು ಪರೀಕ್ಷಿಸಿ ನೋಡುವ ಸ್ಟೇಜಿಂಗ್, ಕೊನೆಗೆ ಅಂಗಡಿಯವರು ಬಳಸುವ ಪ್ರೊಡಕ್ಷನ್. ಆಗಸ್ಟ್ ಮೊದಲ ವಾರ ಒಂದು ಸಂಜೆ ಎಲ್ಲ ಹಸಿರು ಟಿಕ್ ನೋಡಿ ಪ್ರೊಡಕ್ಷನ್ ಬಟನ್ ಒತ್ತಿದೆ. ಮರುದಿನ ಬೆಳಿಗ್ಗೆ ಒಂದು ಅಂಗಡಿಯಿಂದ ಫೋನು. ಆಗಸ್ಟ್ 5ರ ಬಿಲ್ಲಿನಲ್ಲಿ 05/08 ಇರಬೇಕಾದ ಕಡೆ 08/05 ಬಂದಿದೆ. ಗಿರಾಕಿಗಳು ಮೇ 8ರ ಬಿಲ್ಲನ್ನು ಈಗ ಯಾಕೆ ಕೊಡುತ್ತೀರಿ ಎಂದು ಕೇಳುತ್ತಿದ್ದಾರಂತೆ.

ಸ್ಟೇಜಿಂಗ್‌ನಲ್ಲಿ ನೋಡಿದೆವು. ಸರಿಯಾಗಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲೂ ಸರಿಯಾಗಿತ್ತು. ಟೆಸ್ಟ್ ಎಲ್ಲ ಪಾಸ್. ಟೀಮಿನ ಗೆಳತಿ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದಳು: “ಕಮಿಟ್ ಒಂದೇ ಅಲ್ವಾ ಮಾರಾಯ್ತಿ, ಅದು ಹೇಗೆ ಬೇರೆ ಆಗುತ್ತೆ?” ಹೌದು, ಕಮಿಟ್, ಅಂದರೆ ಗಿಟ್‌ನಲ್ಲಿ ದಾಖಲಾದ ಕೋಡಿನ ಪ್ರತಿ, ಒಂದೇ. ಮೂರು ಗಂಟೆ ನಾವು ಆ ಒಂದೇ ಕಮಿಟ್ಟನ್ನು ದಿಟ್ಟಿಸಿ ನೋಡಿದೆವು. ನಡುವೆ ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು.

ಕೊನೆಗೆ ಸಿಕ್ಕಿದ್ದು ಒಂದು ಫೈಲಿನ ಹೆಸರಿನಲ್ಲಿ. ಬ್ರೌಸರ್‌ಗೆ ಹೋಗುವ ಜಾವಾಸ್ಕ್ರಿಪ್ಟ್ ಫೈಲಿನ ಹೆಸರಿಗೆ ಬಿಲ್ಡ್ ಟೂಲ್ ಒಂದು ಬಾಲ ಅಂಟಿಸುತ್ತದೆ. ಫೈಲಿನ ಒಳಗೆ ಏನಿದೆಯೋ ಅದರ ಮೇಲೆ ಲೆಕ್ಕ ಹಾಕಿದ ಅಕ್ಷರ, ಅಂಕೆಗಳ ಬಾಲ. ಸ್ಟೇಜಿಂಗ್‌ನಲ್ಲಿ ಆ ಬಾಲ ‘3ಎಫ್9’ ಎಂದು ಶುರುವಾಗುತ್ತಿತ್ತು. ಪ್ರೊಡಕ್ಷನ್‌ನಲ್ಲಿ ‘ಬಿ71’ ಎಂದು. ಎರಡೂ ಟ್ಯಾಬ್ ಪಕ್ಕಪಕ್ಕ ಇಟ್ಟಾಗ ನನಗೆ ಕಂಡದ್ದು ‘ತ’ ಮತ್ತು ‘ಟ’.

ಆದದ್ದು ಇಷ್ಟು. ನಮ್ಮ ಪೈಪ್‌ಲೈನ್ ಒಂದು ಸಲ ಬಿಲ್ಡ್ ಮಾಡಿ ಅದನ್ನೇ ಮುಂದೆ ಕಳಿಸುತ್ತಿರಲಿಲ್ಲ. ಸ್ಟೇಜಿಂಗ್‌ಗೆ ಒಂದು ಸಲ ಬಿಲ್ಡ್ ಮಾಡುತ್ತಿತ್ತು, ಪ್ರೊಡಕ್ಷನ್‌ಗೆ ಮತ್ತೆ ಹೊಸದಾಗಿ. ಯಾಕೆ ಅಂದರೆ ಸರ್ವರ್‌ನ ವಿಳಾಸ ಎರಡಕ್ಕೂ ಬೇರೆ. ಫ್ರಂಟ್‌ಎಂಡ್, ಅಂದರೆ ಬ್ರೌಸರ್‌ನಲ್ಲಿ ಓಡುವ ಭಾಗ, ಬಿಲ್ಡ್ ಆಗುವಾಗ ಆ ವಿಳಾಸ ಕೋಡಿನ ಒಳಗೇ ಅಚ್ಚಾಗಿ ಕೂರುತ್ತದೆ. ವಿಳಾಸ ಬದಲಿಸಬೇಕಾದರೆ ಮತ್ತೆ ಬಿಲ್ಡ್ ಮಾಡು, ಅದೇ ಸುಲಭ. ಎಷ್ಟೋ ಕಡೆ ಹೀಗೇ ನಡೆಯುತ್ತದೆ, ತಿಂಗಳುಗಟ್ಟಲೆ ಏನೂ ಆಗುವುದೂ ಇಲ್ಲ.

ನಮಗೆ ಯಾಕೆ ಆಯಿತು? ಬಿಲ್ಡ್ ಎಂದರೆ ನಮ್ಮ ಕೋಡ್ ಮಾತ್ರ ಅಲ್ಲ. ಅದರ ಬೆನ್ನಿಗೆ ಬೇರೆಯವರು ಬರೆದ ನೂರಾರು ಪ್ಯಾಕೇಜ್ ಬರುತ್ತವೆ. ಯಾವ ಪ್ಯಾಕೇಜಿನ ಯಾವ ವರ್ಶನ್ ಎಂದು ಬರೆಯುವಾಗ ಸಂಖ್ಯೆಯ ಮೊದಲು ಒಂದು ಟೋಪಿ ಚಿಹ್ನೆ (^) ಇರುತ್ತದೆ. ‘ಇದು, ಅಥವಾ ಇದಕ್ಕಿಂತ ಸ್ವಲ್ಪ ಹೊಸತು ಬಂದಿದ್ದರೆ ಅದೂ ಆದೀತು’ ಎಂದು ಅದರ ಅರ್ಥ. ಸರಿಯಾಗಿ ಯಾವುದು ಬಂತು ಎಂದು ಹಿಡಿದಿಡುವುದಕ್ಕೆ ಲಾಕ್ ಫೈಲ್ ಇದೆ. ನಮ್ಮಲ್ಲೂ ಇತ್ತು. ಇಬ್ಬರು ಬರೆದ ಕೋಡನ್ನು ಸೇರಿಸುವ ಪ್ರತಿ ಮರ್ಜ್‌ನಲ್ಲೂ ಅದರಲ್ಲೇ ಕಾನ್‌ಫ್ಲಿಕ್ಟ್ ಬರುತ್ತದೆ ಎಂದು ರೇಗಿ ಯಾರೋ ಅದನ್ನು ನಮ್ಮ ಕೋಡ್ ಇರುವ ರೆಪೊದಿಂದ ತೆಗೆದುಹಾಕಿದ್ದರು. ಯಾರು ಎಂದು ಗಿಟ್ ಲಾಗ್ ನೋಡಿದೆ. ನಾನೇ. ಒಂದೂವರೆ ವರ್ಷದ ಹಿಂದೆ.

ಸ್ಟೇಜಿಂಗ್ ಬಿಲ್ಡ್‌ಗೂ ಪ್ರೊಡಕ್ಷನ್ ಬಿಲ್ಡ್‌ಗೂ ನಡುವೆ ಒಂದು ರಾತ್ರಿ, ಅರ್ಧ ಹಗಲು. ಅಷ್ಟರಲ್ಲಿ ತಾರೀಕು ಬರೆಯುವ ಒಂದು ಪ್ಯಾಕೇಜಿನ ಹೊಸ ವರ್ಶನ್ ಬಂದಿತ್ತು. ಅಮೆರಿಕದವರ ಹಾಗೆ ತಿಂಗಳನ್ನು ಮೊದಲು ಬರೆಯುವುದು ಅದರ ಹೊಸ ಅಭ್ಯಾಸ.

ಊಟದ ಹೊತ್ತಿಗೆ ಅಪ್ಪ ಕೇಳಿದರು, “ಎಂತ ಗಲಾಟೆ ಅದು ಬೆಳಿಗ್ಗೆಯಿಂದ?” ನಾನು ಹೇಳಿದೆ. ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಹೇಳುವಾಗ ನಾವು ಎಷ್ಟು ಕಡಿಮೆ ಅರ್ಥ ಮಾಡಿಕೊಂಡಿದ್ದೇವೆ ಎಂದು ನಮಗೇ ಗೊತ್ತಾಗುತ್ತದೆ. ಒಂದೇ ಕೋಡಿನಿಂದ ಎರಡು ಸಲ ಮಾಡಿದೆವು, ಮೊದಲನೆಯದನ್ನು ಪರೀಕ್ಷೆ ಮಾಡಿದೆವು, ಎರಡನೆಯದನ್ನು ಕಳಿಸಿದೆವು ಎಂದೆ. ಅಪ್ಪ ಮಜ್ಜಿಗೆ ಹಾಕಿಕೊಳ್ಳುತ್ತ ಹೇಳಿದರು:

“ಮಂಡಿಯವ ಒಂದು ಗೋಣಿಯಿಂದ ಅಡಿಕೆ ತೆಗೆದು ಕತ್ತರಿಸಿ ನೋಡಿದ. ಆಯ್ತು, ಒಳ್ಳೆದುಂಟು ಅಂದ. ನೀವು ಆ ಗೋಣಿ ಅಲ್ಲೇ ಬಿಟ್ಟು, ಮನೆಗೆ ಬಂದು, ಅದೇ ರಾಶಿಯಿಂದ ಬೇರೆ ಗೋಣಿ ತುಂಬಿ ಲೋಡ್ ಮಾಡಿದಿರಿ. ರಾಶಿ ಒಂದೇ ಸರಿ. ನಡುವೆ ರಾತ್ರಿ ಒಂದು ಮಳೆ ಬಿತ್ತು. ಅಷ್ಟೇ ಅಲ್ವಾ?”

ಅಷ್ಟೇ. (ಅಪ್ಪ ಹೇಳಿದ್ದು ಹವ್ಯಕ ಕನ್ನಡದಲ್ಲಿ. ನಾನು ಅದನ್ನು ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಬದಲಿಸಿದ್ದೇನೆ. ದಾಟುವಾಗ ಅದರದ್ದೂ ಒಂದೆರಡು ಅಕ್ಷರ ಉದುರಿರುತ್ತದೆ.)

ಅಡಿಕೆ ಬೆಳೆಯುವವರಿಗೆ ಇದು ಜಾಸ್ತಿ ವಿವರಿಸಬೇಕಾದ ವಿಷಯವಲ್ಲ. ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿ, ಸುಲಿದು, ಪಟೋರ ಬೇರೆ, ಕರಿಗೋಟು ಬೇರೆ, ಉಳ್ಳಿಗಡ್ಡೆ ಬೇರೆ ಎಂದು ದರ್ಜೆ ನೋಡಿ ಹೆಕ್ಕಿ, ಗೋಣಿಗೆ ತುಂಬಿ ಬಾಯಿ ಹೊಲಿದ ಮೇಲೆ ಆ ಗೋಣಿಯೇ ಸರಕು. ಮುಂದೆ ಯಾರ ಕೈಗೆ ಹೋದರೂ ಅದೇ ಗೋಣಿ ಹೋಗುತ್ತದೆ. ಗೋಡೌನಿನವರು ತೋಟಕ್ಕೆ ಬಂದು ಮತ್ತೆ ಕೊಯ್ಯುವುದಿಲ್ಲ. ನಮ್ಮ ಕಸುಬಿನಲ್ಲಿ ಆರ್ಟಿಫ್ಯಾಕ್ಟ್ ಎನ್ನುವುದು ಆ ಬಾಯಿ ಹೊಲಿದ ಗೋಣಿಯನ್ನೇ. ಬಿಲ್ಡ್ ಹಂತ ಅದನ್ನು ಕಟ್ಟಿ ಇಡುತ್ತದೆ. ಟೆಸ್ಟ್ ಹಂತ ಅದನ್ನು ತೆಗೆದು ನೋಡುತ್ತದೆ. ಡಿಪ್ಲಾಯ್ ಹಂತ ಅದನ್ನೇ ಹೊತ್ತು ಹೋಗಿ ಇಳಿಸುತ್ತದೆ. ಹೇಳುವುದಕ್ಕೆ ಇಷ್ಟು ಸುಲಭ. ಮಾಡಲು ಹೊರಟಾಗ ನಮಗೆ ಎರಡು ವಾರ ಹಿಡಿಯಿತು.

ಮೊದಲ ತೊಡಕು, ಪೈಪ್‌ಲೈನಿನ ಪ್ರತಿ ಜಾಬ್, ಅಂದರೆ ಒಂದೊಂದು ಹಂತದ ಕೆಲಸ, ಬೇರೆ ಬೇರೆ ಮಷಿನ್‌ನಲ್ಲಿ ಓಡುತ್ತದೆ. ಪೈಪ್‌ಲೈನ್ ಓಡಿಸಲು ನಾವು ಬಳಸುವುದು ಗಿಟ್‌ಹಬ್ ಆಕ್ಷನ್ಸ್, ಅವರದ್ದೇ ಮಷಿನ್‌ಗಳಲ್ಲಿ. ಅಲ್ಲಿ ಒಂದು ಜಾಬ್ ಮುಗಿದ ಕೂಡಲೇ ಆ ಮಷಿನ್ನೇ ಇಲ್ಲ. ಬಿಲ್ಡ್ ಜಾಬ್ ತನ್ನ ಡಿಸ್ಕ್‌ನಲ್ಲಿ ಏನೇ ಬಿಟ್ಟುಹೋದರೂ ಡಿಪ್ಲಾಯ್ ಜಾಬ್‌ಗೆ ಕಾಣುವುದಿಲ್ಲ. ಒಂದು ಕಡೆ ಅಪ್‌ಲೋಡ್ ಮಾಡಬೇಕು, ಇನ್ನೊಂದು ಕಡೆ ಡೌನ್‌ಲೋಡ್. ಇಂಥದ್ದೇ ಬೇರೆ ವ್ಯವಸ್ಥೆಯಾದ ಗಿಟ್‌ಲ್ಯಾಬ್‌ನಲ್ಲಿ ಆರ್ಟಿಫ್ಯಾಕ್ಟ್ ಎಂದು ದಾರಿ ಬರೆದಿಟ್ಟರೆ ಮುಂದಿನ ಹಂತದ ಜಾಬ್‌ಗಳು ತಾವಾಗಿಯೇ ಇಳಿಸಿಕೊಳ್ಳುತ್ತವೆ. ಇನ್ನೊಂದಾದ ಜೆಂಕಿನ್ಸ್‌ನಲ್ಲಿ ಸ್ಟಾಶ್, ಅನ್‌ಸ್ಟಾಶ್ ಎಂದು ಒಂದು ಜೋಡಿ ಇದೆ, ಸಣ್ಣ ಫೈಲ್‌ಗಳಿಗೆ ಒಳ್ಳೆಯದು, ಆ ಓಟ ಮುಗಿದ ಮೇಲೆ ಸಾಮಾನ್ಯವಾಗಿ ಉಳಿಯುವುದಿಲ್ಲ. ನಾನು ಹಿಂದಿನ ಕೆಲಸದಲ್ಲಿ ಅದರೊಳಗೆ ಇಡೀ ಫೋಲ್ಡರನ್ನು ತುರುಕಿ ಕಂಟ್ರೋಲರ್ ಉಸಿರು ಕಟ್ಟಿಸಿದ್ದೇನೆ. ಆ ಕಥೆ ಬೇಡ.

ಎರಡನೆಯ ತೊಡಕು ನಮ್ಮ ಜಾಣತನದ್ದು. ಅಪ್‌ಲೋಡ್ ಯಾಕೆ, ಹೇಗೂ ಕ್ಯಾಶ್ ಎಂಬ ತಾತ್ಕಾಲಿಕ ಡಬ್ಬಿ ಇದೆಯಲ್ಲ, ಬಿಲ್ಡ್ ಆದದ್ದನ್ನು ಅದರಲ್ಲೇ ಇಟ್ಟು ಮುಂದಿನ ಜಾಬ್‌ನಲ್ಲಿ ತೆಗೆದುಕೊಳ್ಳೋಣ ಎಂದು ಟೀಮಿನಲ್ಲಿ ಒಬ್ಬರು ಹೇಳಿದರು. ಎಲ್ಲರೂ ತಲೆಯಾಡಿಸಿದೆವು. ನಾಲ್ಕು ದಿನ ಚೆನ್ನಾಗಿ ಓಡಿತು. ಐದನೆಯ ದಿನ ಡಿಪ್ಲಾಯ್ ಆದದ್ದು ನಿನ್ನೆಯ ಬಿಲ್ಡ್.

ಕ್ಯಾಶ್‌ಗೆ ಒಂದು ಕೀ ಕೊಡುತ್ತೇವೆ. ಆ ಕೀ ಸಿಗದಿದ್ದರೆ ಅದರ ಮೊದಲ ಭಾಗ ಹೊಂದುವ ಹಳೆಯದು ಇದ್ದರೂ ಸಾಕು ಎಂದು ಇನ್ನೊಂದು ಸಾಲು ಬರೆಯಬಹುದು. ನಾವು ಎಲ್ಲಿಂದಲೋ ಎತ್ತಿ ಅಂಟಿಸಿದ ತುಣುಕಿನಲ್ಲಿ ಆ ಸಾಲು ಇತ್ತು. ಅವತ್ತು ಸೇವ್ ಆಗುವುದು ಯಾಕೋ ತಪ್ಪಿತು, ಮುಂದಿನ ಜಾಬ್ ನಿನ್ನೆಯದನ್ನು ಎತ್ತಿಕೊಂಡಿತು, ಎಲ್ಲ ಹಸಿರು. ತಪ್ಪು ಕ್ಯಾಶ್‌ನದ್ದಲ್ಲ. ಕ್ಯಾಶ್ ಇರುವುದು ಸಮಯ ಉಳಿಸುವುದಕ್ಕೆ. ಅದರಲ್ಲಿ ಇಟ್ಟದ್ದು ಸಿಕ್ಕಿದರೆ ಲಾಭ, ಸಿಗದಿದ್ದರೆ ಮತ್ತೆ ಮಾಡಿಕೊಂಡರಾಯಿತು. ಸಾಮಾನ್ಯವಾಗಿ 7 ದಿನ ಯಾರೂ ಮುಟ್ಟದಿದ್ದರೆ ಅದನ್ನು ತೆಗೆದೇ ಹಾಕುತ್ತಾರೆ. ಅಡುಗೆಮನೆಯ ಸಾಸಿವೆ ಡಬ್ಬಿ ಇದ್ದ ಹಾಗೆ. ಮುಗಿದರೆ ಅಂಗಡಿಯಿಂದ ತರಬಹುದು. ಜಾಗದ ಕಾಗದವನ್ನು ಯಾರೂ ಸಾಸಿವೆ ಡಬ್ಬಿಯಲ್ಲಿ ಇಡುವುದಿಲ್ಲ.

ಸರಿ, ಮರ್ಯಾದೆಯಿಂದ ಅಪ್‌ಲೋಡ್, ಡೌನ್‌ಲೋಡ್‌ಗೆ ಬಂದೆವು. ಈಗ ಫೈಲ್ ಎಲ್ಲ ಬಂತು, ಆದರೆ ಸರ್ವರ್ ಶುರು ಮಾಡುವ ಸ್ಕ್ರಿಪ್ಟ್ ಓಡಲಿಲ್ಲ. ‘ಅನುಮತಿ ಇಲ್ಲ’ ಎಂದು ಒಂದೇ ಸಾಲು. ಬಿಲ್ಡ್ ಜಾಬ್‌ನಲ್ಲಿ ಓಡಿದ ಅದೇ ಫೈಲು! ಒಂದು ಸಂಜೆ ಪೂರ್ತಿ ಹೋಯಿತು ಇದಕ್ಕೆ. ಅಪ್‌ಲೋಡ್ ಆಗುವಾಗ ಎಲ್ಲವೂ ಜಿಪ್ ಆಗುತ್ತದೆ. ಆ ದಾರಿಯಲ್ಲಿ ಫೈಲಿನ ಪರ್ಮಿಶನ್ ಉಳಿಯುವುದಿಲ್ಲ, ಎಲ್ಲ ಫೈಲ್‌ಗಳೂ 644 ಆಗಿ ಇಳಿಯುತ್ತವೆ. ಓದಬಹುದು, ಓಡಿಸುವ ಹಾಗಿಲ್ಲ. ಮೊದಲೇ ಟಾರ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ, ಆ ಒಂದು ಟಾರ್ ಫೈಲನ್ನು ಅಪ್‌ಲೋಡ್ ಮಾಡಿದರೆ ಪರ್ಮಿಶನ್ ಅದರ ಹೊಟ್ಟೆಯೊಳಗೆ ಹಾಗೇ ಇರುತ್ತದೆ. ಇದನ್ನು ಗಿಟ್‌ಹಬ್‌ನವರು ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾವು ಓದಿರಲಿಲ್ಲ. ಚುಕ್ಕೆಯಿಂದ ಶುರುವಾಗುವ ಅಡಗಿದ ಫೈಲ್‌ಗಳನ್ನು 2024ರ ಸೆಪ್ಟೆಂಬರ್‌ನಿಂದ ತಾನಾಗಿ ಸೇರಿಸುವುದಿಲ್ಲ ಎಂಬುದನ್ನೂ ಬರೆದಿದ್ದಾರೆ. ಅದನ್ನೂ ಓದಿರಲಿಲ್ಲ. ಟಾರ್ ಮಾಡಿದ ಮೇಲೆ ಆ ಗೋಳೂ ತಪ್ಪಿತು. ಅದೇ ಗೋಣಿ ಕಳಿಸುತ್ತೇವೆ ಎಂದರೆ ಸಾಲದು, ದಾರಿಯಲ್ಲಿ ಯಾರೂ ಬಾಯಿ ಬಿಚ್ಚಬಾರದು.

ಇನ್ನು ಉಳಿದದ್ದು ಸರ್ವರ್ ವಿಳಾಸದ ಪ್ರಶ್ನೆ, ಎಲ್ಲದಕ್ಕೂ ಮೂಲವಾದದ್ದು. ಅದನ್ನು ಬಿಲ್ಡ್‌ನಿಂದ ಹೊರಗೆ ಹಾಕಿದೆವು. ಈಗ ಪೇಜ್ ತೆರೆದ ಕೂಡಲೇ ಒಂದು ಪುಟ್ಟ ಕಾನ್ಫಿಗ್ ಫೈಲನ್ನು ಓದುತ್ತದೆ, ವಿಳಾಸ ಅದರಲ್ಲಿದೆ. ಆ ಫೈಲ್ ಸ್ಟೇಜಿಂಗ್‌ನಲ್ಲಿ ಬೇರೆ, ಪ್ರೊಡಕ್ಷನ್‌ನಲ್ಲಿ ಬೇರೆ. ಗೋಣಿ ಒಂದೇ, ಕಟ್ಟಿದ ಚೀಟಿ ಬೇರೆ. ಇದರಿಂದ ಪೇಜ್ ತೆರೆಯುವುದು ಕಣ್ಣಿಗೆ ಕಾಣದಷ್ಟು ನಿಧಾನವಾಗುತ್ತದೆ ಎಂದು ಗೆಳತಿ ಇವತ್ತಿಗೂ ಗೊಣಗುತ್ತಾಳೆ. ಅವಳು ಹೇಳುವುದು ನಿಜ. ನಾನು ಆ ನಿಧಾನವನ್ನು ಖುಷಿಯಿಂದ ಒಪ್ಪಿಕೊಂಡಿದ್ದೇನೆ.

ಲಾಕ್ ಫೈಲ್ ವಾಪಸ್ ಹಾಕಿದರೆ ಸಾಕಿತ್ತಲ್ಲ, ಇಷ್ಟೆಲ್ಲ ಯಾಕೆ ಎಂದೂ ಕೇಳಿದರು. ಹಾಕಿದ್ದೇವೆ. ಆದರೆ ಲಾಕ್ ಫೈಲ್ ಹಿಡಿಯುವುದು ಪ್ಯಾಕೇಜನ್ನು ಮಾತ್ರ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ವರ್ಶನ್ ಬದಲಾಗಬಹುದು, ಜಾಬ್ ಓಡುವ ಮಷಿನ್ನಾದ ರನ್ನರ್‌ನ ಇಮೇಜ್ ಹೊಸತಾಗಬಹುದು. ಏನೂ ಬದಲಾಗದಿದ್ದರೂ ಗಡಿಯಾರ ಬದಲಾಗಿರುತ್ತದೆ. ಎಷ್ಟೋ ಟೂಲ್‌ಗಳು ಬಿಲ್ಡ್ ಆದ ಹೊತ್ತನ್ನು ಫೈಲಿನೊಳಗೆ ಬರೆದಿಡುತ್ತವೆ. ಒಂದೇ ಸೋರ್ಸ್‌ನಿಂದ ಯಾರು ಯಾವಾಗ ಮಾಡಿದರೂ ಒಂದು ಬಿಟ್ ಕೂಡ ಬದಲಾಗದ ಹಾಗೆ ಬಿಲ್ಡ್ ಮಾಡಬೇಕು ಎಂದು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯವರು 2013ರಿಂದ ಕೂತು ಕೆಲಸ ಮಾಡುತ್ತಿದ್ದಾರೆ. ಅಷ್ಟು ತಾಳ್ಮೆ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಯಾರು ತರುತ್ತಾರೆ? ಕಟ್ಟಿದ ಗೋಣಿಯನ್ನೇ ಕಳಿಸುವುದು ಸುಲಭ. ನನ್ನ ಸ್ವಂತದ ಒಂದು ಸಣ್ಣ ಸೈಟ್ ಇದೆ, ಅದನ್ನು ಈಗಲೂ ಪ್ರತಿ ಸಲ ಹೊಸದಾಗಿ ಬಿಲ್ಡ್ ಮಾಡುತ್ತೇನೆ. ಅಲ್ಲಿ ತಾರೀಕು ತಪ್ಪಿದರೆ ಯಾರ ಅಂಗಡಿಯೂ ಮುಳುಗುವುದಿಲ್ಲ.

ಈಗ ನಾವು ಹೆಸರನ್ನು ನಂಬುವುದಿಲ್ಲ. ಸಾಫ್ಟ್‌ವೇರನ್ನು ಓಡುವುದಕ್ಕೆ ಬೇಕಾದದ್ದರ ಸಮೇತ ಕಟ್ಟಿಟ್ಟ ಕಂಟೇನರ್ ಇಮೇಜ್‌ಗೆ ‘ಲೇಟೆಸ್ಟ್’ ಎಂದು ಟ್ಯಾಗ್ ಹಾಕಿದರೆ ಅದು ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ. ಟ್ಯಾಗ್ ಎಂದರೆ ಕರೆಯುವ ಹೆಸರು. ಡೈಜೆಸ್ಟ್ ಹಾಗಲ್ಲ. ಇಮೇಜಿನ ಒಳಗಿರುವುದರ ಮೇಲೆಯೇ ಲೆಕ್ಕ ಹಾಕಿದ ಶಾ-256 ಮೊತ್ತ, ಬರೆದರೆ 64 ಅಕ್ಷರ. ಒಳಗೆ ಒಂದು ಬಿಟ್ ಆಚೀಚೆ ಆದರೂ ಪೂರ್ತಿ ಬೇರೆಯದೇ ಬರುತ್ತದೆ. ಬಿಲ್ಡ್ ಜಾಬ್ ಆ 64 ಅಕ್ಷರವನ್ನು ಮುಂದಿನವರಿಗೆ ಕೊಡುತ್ತದೆ, ಡಿಪ್ಲಾಯ್ ಜಾಬ್ ಇಳಿಸುವ ಮುಂಚೆ ತಾಳೆ ನೋಡುತ್ತದೆ.

ಇದನ್ನು ಬರೆಯುವಾಗ ಜಗಲಿಯಲ್ಲಿ ಅಪ್ಪ ಹರಡಿದ್ದ ಕಾಗದ ನೆನಪಾಗುತ್ತದೆ. ಅಜ್ಜನ ಕನ್ನಡ ಸಹಿಯ ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ಶಾಯಿ ಸ್ವಲ್ಪ ನೇರಳೆಗೆ ತಿರುಗಿದೆ, ಒಂದು ಕಡೆ ಜಾಸ್ತಿ ಒತ್ತಿ ಹರಡಿದೆ. ಗೆರೆ ಮಾತ್ರ ಎಣಿಸುವಷ್ಟು ಸ್ಪಷ್ಟ. ಸಹಿಯನ್ನು ಓದುವುದಕ್ಕೆ ಭಾಷೆ ಬೇಕು. ಹೆಬ್ಬೆಟ್ಟಿಗೆ ‘ತ’ ‘ಟ’ ಇಲ್ಲ.

ಆದರೆ ಹೆಬ್ಬೆಟ್ಟೂ ಎಲ್ಲವನ್ನೂ ಹೇಳುವುದಿಲ್ಲ. ಗೋಣಿ ಅದೇ ಎಂದು ಹೇಳುತ್ತದೆ. ಅದರೊಳಗೆ ತುಂಬಿದ್ದು ಯಾರು, ಎಲ್ಲಿಂದ ತುಂಬಿದರು ಎಂದು ಹೇಳುವುದಿಲ್ಲ. 2024ರ ಮಾರ್ಚ್ 29ರಂದು ಹೊರಬಿದ್ದ ಎಕ್ಸ್‌ಜೆಡ್ ಪ್ರಕರಣ ನಮ್ಮವರಲ್ಲಿ ಅನೇಕರಿಗೆ ನೆನಪಿರಬಹುದು. ಲಿನಕ್ಸ್ ಮಷಿನ್‌ಗಳಲ್ಲಿ ಎಲ್ಲೆಲ್ಲೂ ಇರುವ ಒಂದು ಸಣ್ಣ ಕಂಪ್ರೆಷನ್ ಲೈಬ್ರರಿ ಅದು. ಅದರ 5.6.0 ಮತ್ತು 5.6.1 ವರ್ಶನ್‌ಗಳಲ್ಲಿ ಯಾರೋ ಒಂದು ಕಳ್ಳದಾರಿ ಸೇರಿಸಿದ್ದರು. ಅದನ್ನು ಎಬ್ಬಿಸುವ ಸ್ಕ್ರಿಪ್ಟ್ ಗಿಟ್‌ನಲ್ಲಿ ಇರಲಿಲ್ಲ, ಬಿಡುಗಡೆ ಮಾಡಿದ ಟಾರ್ ಫೈಲಿನಲ್ಲಿ ಮಾತ್ರ ಇತ್ತು. ಗಿಟ್ ನೋಡಿದವರಿಗೆ ರಾಶಿ ಚೆನ್ನಾಗಿ ಕಂಡಿತು, ಕೆಟ್ಟದ್ದು ಗೋಣಿಯೊಳಗೆ. ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್‌ಗೆ, ದೂರದ ಮಷಿನ್ ಒಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡ ಆಗುತ್ತಿದೆ ಅನ್ನಿಸಿತು, ಹುಡುಕುತ್ತ ಹೋದರು, ಸಿಕ್ಕಿತು. ಅರ್ಧ ಸೆಕೆಂಡು! ನಾನಾಗಿದ್ದರೆ ಮಳೆಗೆ ನೆಟ್ ನಿಧಾನ ಆಗಿದೆ ಎಂದು ಸುಮ್ಮನಿರುತ್ತಿದ್ದೆ.

ಹಾಗಾಗಿ ಆರ್ಟಿಫ್ಯಾಕ್ಟ್ ಜೊತೆಗೆ ಒಂದು ಸಹಿ ಹಾಕಿದ ಚೀಟಿಯನ್ನೂ ಕಳಿಸುವ ವ್ಯವಸ್ಥೆ ಈಗ ಇದೆ. ಈ ಡೈಜೆಸ್ಟ್ ಇರುವ ವಸ್ತು ಇಂಥ ರೆಪೊದ ಇಂಥ ಕಮಿಟ್‌ನಿಂದ ಇಂಥ ಜಾಬ್‌ನಲ್ಲಿ ಆದದ್ದು ಎಂದು ಅದರಲ್ಲಿ ಬರೆದಿರುತ್ತದೆ. ಅಟೆಸ್ಟೇಶನ್ ಎನ್ನುತ್ತಾರೆ. ಸೆಪ್ಟೆಂಬರ್ ಕೊನೆಗೆ ನಮ್ಮ ಪೈಪ್‌ಲೈನಿಗೂ ಅದನ್ನು ಸೇರಿಸಿದೆ. ಕೆಲವೇ ಸಾಲು.

ಅಪ್ಪನಿಗೂ ಅಂಥದ್ದೇ ಒಂದು ಚೀಟಿ ಬೇಕಾಯಿತು. ಕೇರಳದಲ್ಲಿ ಅದಕ್ಕೆ ವನ್ ಆ್ಯಂಡ್ ಸೇಮ್ ಸರ್ಟಿಫಿಕೇಟ್ ಎಂದೇ ಹೆಸರು. ಈ ಹೆಸರಿನವರೂ ಆ ಹೆಸರಿನವರೂ ಒಬ್ಬರೇ ಎಂದು ವಿಲೇಜ್ ಆಫೀಸಿನಿಂದ ಬರೆದುಕೊಡುತ್ತಾರೆ. ಅಜ್ಜನನ್ನು ಕಂಡು ಗೊತ್ತಿದ್ದ ಇಬ್ಬರು ಹಿರಿಯರನ್ನು ಅಪ್ಪ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದರು. ಅಕ್ಟೋಬರ್‌ನಲ್ಲಿ ಸರ್ಟಿಫಿಕೇಟ್ ಬಂತು. ಅಜ್ಜನ ಎರಡೂ ಹೆಸರು ಅದರಲ್ಲಿ ಅಕ್ಕಪಕ್ಕ ಇವೆ, ‘ತ’ ಒಂದು ಕಡೆ, ‘ಟ’ ಇನ್ನೊಂದು ಕಡೆ.

ಬರುವ ದಾರಿಯಲ್ಲಿ ಮಳೆ ಹೊಡೆದು ಕಾಗದದ ಒಂದು ಮೂಲೆ ಮಸುಕಾಯಿತು. ಪೇಟೆಯಲ್ಲಿ ಇಳಿದು ಝೆರಾಕ್ಸ್ ಅಂಗಡಿಗೆ ಹೋದಾಗ ಅಲ್ಲಿಯ ಹುಡುಗ ನೋಡಿ, “ಇದು ಸರಿ ಕಾಣುವುದಿಲ್ಲ, ನೀಟಾಗಿ ಟೈಪ್ ಮಾಡಿ ಕೊಡಲಾ?” ಎಂದು ಕೇಳಿದನಂತೆ.

“ಬೇಡ ಮಾರಾಯ,” ಎಂದರಂತೆ ಅಪ್ಪ, “ಇದ್ದ ಹಾಗೆ ಹತ್ತು ಝೆರಾಕ್ಸ್ ತೆಗಿ.”